ಮಾದರಿ ಬೀದಿಯ ಅಧ್ಯಕ್ಷರು

ಅಧ್ಯಕ್ಷರು ಯಾವ ಸಂಘದ ಅಧ್ಯಕ್ಷರೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಹೇಳಿದರೆ ಸ್ವತಃ ಅವರೇ ನಂಬುವುದಿಲ್ಲ. ಬಹಳ ಹಿಂದೆ ಬೀದಿಯ ನೀರಿನ ಪೈಪಿನ ವಿಚಾರವಾಗಿ ಒಂದು ಸಭೆ ಸೇರಿತ್ತು. ಬರಬೇಕಾದ ದೊಡ್ಡ ಮನುಷ್ಯರು ಬರಲಿಲ್ಲ. ಇವರು ಮೊಣಕಾಲು ನೋವೆಂದು ಖಾಲಿಯಿದ್ದ ಒಂದೇ ಕುರ್ಚಿಯಲ್ಲಿ ಕೂತರು. ಅದು ವೇದಿಕೆಯ ನಟ್ಟನಡುವಿನ ಕುರ್ಚಿ, ಮೇಲೆ ಬಿಳೀ ಟವೆಲ್ಲು ಬೇರೆ. ಯಾರೋ ಮುಂದೆ ಮೈಕು ಹಿಡಿದರು. ಇವರು ಗಂಟಲು ಸರಿಮಾಡಿಕೊಂಡು "ಎಲ್ಲರಿಗೂ ನೀರು ಬರಲಿ" ಎಂದರು. ಚಪ್ಪಾಳೆ ಬಿತ್ತು. ನೀರು ಬರಲಿಲ್ಲ, ಹೆಸರು ಬಂತು.

ಹಗಲೆಲ್ಲ ಅವರ ಕೆಲಸ ಬಸ್ ನಿಲ್ದಾಣದಲ್ಲಿ. ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಇಡುವ ಕೋಣೆ ಕಾಯುವುದು. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಮಾತ್ರ ಒಂದು ಹಲ್ಲಿನ ಸೆಟ್ಟು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅವರನ್ನು ಅಧ್ಯಕ್ಷರೇ ಎಂದು ಕರೆಯುವ ಪ್ರಾಣಿ ಒಂದೂ ಇರಲಿಲ್ಲ. ಬಂದವರು "ಏಯ್, ಕರೀ ಕೊಡೆ ನೋಡಿದ್ಯಾ?" ಎನ್ನುತ್ತಿದ್ದರು. ಹೀಗಾಗಿ ಸಂಜೆ ಬಸ್ಸಿಳಿದು ತಮ್ಮ ಬೀದಿಗೆ ಕಾಲಿಟ್ಟ ಕೂಡಲೇ ಅವರ ಕೈ ತಾನಾಗಿ ಬೆನ್ನ ಹಿಂದೆ ಹೋಗಿ, ಎದೆ ಒಂದಿಷ್ಟು ಮುಂದೆ ಬಂದರೆ ಅದನ್ನು ಮಹಾಪರಾಧ ಎನ್ನಲಾಗದು.

ಮನೆಯೊಳಗೆ ಆ ಎದೆ ಮತ್ತೆ ಇಳಿಯುತ್ತಿತ್ತು. ಹೆಂಡತಿಗೆ ಅವರು "ರೀ", ಅಕ್ಕನಿಗೆ "ಪುಟ್ಟ". ಐವತ್ತು ದಾಟಿದ, ತಲೆಯಲ್ಲಿ ನಾಲ್ಕು ಕೂದಲು ಉಳಿದ ಪುಟ್ಟ. ತಾಯಿ ಸತ್ತಾಗ ಅವರು ತೀರ ಚಿಕ್ಕವರು. ಮೂಗು ಒರೆಸಿ, ಅನ್ನ ಹಾಕಿ, ಬೆನ್ನಿಗೆ ನಾಲ್ಕು ಗುದ್ದಿ ದೊಡ್ಡವರನ್ನಾಗಿ ಮಾಡಿದವಳು ಅಕ್ಕ. ಭಾವ ತೀರಿಕೊಂಡ ಮೇಲೆ ಅವಳು ಒಂದು ಚೀಲ ಹಿಡಿದು ತಮ್ಮನ ಮನೆಗೆ ಬಂದಳು. ನಡುಕೋಣೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ಕೂತವಳು ಏಳಲೇ ಇಲ್ಲ. ಮೈಯಲ್ಲಿ ಸಕ್ಕರೆ ಕಾಯಿಲೆ, ಎಡಗಾಲಿನ ಬೆರಳ ಬುಡದಲ್ಲಿ ಮಾಯದ ಗಾಯ. "ತಿನ್ನೋದು ಹಿಡಿತಕ್ಕೆ ಬರಬೇಕು, ನಡೀಬೇಕು. ಇಲ್ಲಾಂದ್ರೆ ಈ ಕಾಲು ನಿಮಗೆ ದಕ್ಕಲ್ಲ" ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಅಕ್ಕ ಗೋಡೆ ನೋಡುತ್ತಲೇ "ದಕ್ಕಿ ಏನಾಗಬೇಕು, ಎಲ್ಲಿಗೆ ಹೋಗಬೇಕಾಗಿದೆ?" ಎಂದಿದ್ದಳು.

ಆ ಸಂಜೆ ಅಧ್ಯಕ್ಷರು ಬೇಕರಿಯಿಂದ ಕರಿದ ತಿಂಡಿಯ ಪೊಟ್ಟಣ ಹಿಡಿದು ಬರುತ್ತಿದ್ದಾಗ ಮನೆ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಕೈಯಲ್ಲಿ ಸಣ್ಣ ಹಲಗೆಯಂಥ ಕಂಪ್ಯೂಟರು.

"ನಮಸ್ಕಾರ ಸರ್. ಆಹಾರ ಮತ್ತು ವ್ಯಾಯಾಮ ತಿಳಿವಳಿಕೆ ಕಾರ್ಯಕ್ರಮದಿಂದ ಬಂದಿದೀನಿ. ನಿಮ್ಮ ಬೀದೀಲಿ ಕ್ಲಾಸು ಶುರುವಾಗುತ್ತೆ. ಅದಕ್ಕೆ ಮುಂಚೆ ಒಂದು ಸಮೀಕ್ಷೆ, ಮುಗಿದ ಮೇಲೆ ಇನ್ನೊಂದು. ನಿಮ್ಮ ಬೀದೀನ ಮಾದರಿಯಾಗಿ ಆಯ್ಕೆ ಮಾಡಿದಾರೆ. ನಿಮ್ಮನೆ ಮೊದಲನೇ ಮಾದರಿ."

ಅವಳು ಹೇಳಿದ್ದರಲ್ಲಿ ಗುಟ್ಟೇನೂ ಇರಲಿಲ್ಲ. ಊರಿನ ಬೀದಿಗಳ ಹೆಸರು ಬರೆದು ಚೀಟಿ ಎತ್ತಿದ್ದರು, ಈ ಬೀದಿ ಬಂದಿತ್ತು. ಇಲ್ಲಿ ನಾಲ್ಕು ಮನೆ ಕೇಳಿದರೆ ಊರಿನ ಹಣೆಬರಹ ತಿಳಿಯುತ್ತದೆ, ಅಷ್ಟಕ್ಕೆ ಮಾದರಿ. ಅಧ್ಯಕ್ಷರ ಕಿವಿಯೊಳಗೆ ಮಾತ್ರ ಆ ಪದ ಬೇರೆಯೇ ವೇಷ ತೊಟ್ಟು ಇಳಿಯಿತು. ಮಾದರಿ ಶಾಲೆ, ಮಾದರಿ ಸೇವೆ, ಮಾದರಿ ಪುರುಷ. ಕೊನೆಗೂ ಯಾರೋ ಗಮನಿಸಿದರು ಎಂದು ಅವರ ಕಣ್ಣು ತೇವವಾಯಿತು. ಪೊಟ್ಟಣ ಬೆನ್ನ ಹಿಂದೆ ಹೋಯಿತು.

"ಕೇಳಮ್ಮ, ಕೇಳು."

"ದಿನಾ ನಡೀತೀರಾ ಸರ್?"

"ನಡೀದೆ ಹಾರ್ತೀವಾ? ಬೆಳಗ್ಗೆ ಒಂದು ಗಂಟೆ."

"ದಿನಾಲೂ?"

"ಭಾನುವಾರ ಒಂದೂವರೆ."

"ಸೊಪ್ಪು, ಹಣ್ಣು?"

"ನಮ್ಮನೇಲಿ ಬೇರೇನಿದೆ?"

"ಕರಿದಿದ್ದು?"

ಪೊಟ್ಟಣದ ಎಣ್ಣೆ ಬೆರಳಿಗೆ ಇಳಿದು ಅಂಗಿಯ ತೋಳಿನೊಳಗೆ ಹರಿಯತೊಡಗಿತ್ತು. "ಅಯ್ಯೋ, ಅದರ ವಾಸನೆಯೇ ಆಗಲ್ಲ ನಂಗೆ."

"ಮನೇಲಿ ಎಷ್ಟು ಜನ ಸರ್?"

ಅಧ್ಯಕ್ಷರು ಮೂರು ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಹುಡುಗಿಯ ಹಲಗೆಯ ಮೇಲಿನ ಮುಂದಿನ ಪ್ರಶ್ನೆ ಕಣ್ಣಿಗೆ ಬಿತ್ತು. ಅವರಲ್ಲಿ ಕಾಯಿಲೆಯವರು ಎಷ್ಟು? ಮಾದರಿ ಮನೆಯಲ್ಲಿ ಕಾಯಿಲೆಯೇ?

"ನಾವಿಬ್ಬರೇ."

ಒಳಗಿನಿಂದ ಕೆಮ್ಮು ಕೇಳಿಸಿತು. ಹುಡುಗಿ ತಲೆಯೆತ್ತಿದಳು.

"ನೆಂಟರು," ಎಂದರು ಅಧ್ಯಕ್ಷರು. "ಬಂದು ಹೋಗೋರು."

ಬಾಗಿಲ ಪಕ್ಕದಲ್ಲಿ ನಿಂತಿದ್ದ ಹೆಂಡತಿ ಗಂಡನನ್ನು ನೋಡಿದ ನೋಟದಲ್ಲಿ ತಿಂಡಿ ಇನ್ನೊಮ್ಮೆ ಕರಿಯಬಹುದಿತ್ತು. ಹುಡುಗಿ ಬೀದಿ ತಿರುಗುವವರೆಗೂ ತಡೆದುಕೊಂಡಳು.

"ಏನ್ರೀ ನಿಮ್ಮ ಬಾಯಿ! ಅತ್ತಿಗೆ ಕಿವಿಗೆ ಬಿದ್ದಿದ್ರೆ?"

"ಬಿದ್ದಿಲ್ವಲ್ಲ? ಬಿಡು. ಮಾದರಿ ಅಂತ ಆದ್ಮೇಲೆ ಒಂದಿಷ್ಟು ಹೊಂದಿಸ್ಕೋಬೇಕು ಕಣೇ."

ನಡುಕೋಣೆಯಿಂದ ಅಕ್ಕ ಕೂಗಿದಳು: "ಏನೋ ಪುಟ್ಟಾ ತಂದಿದ್ದು? ಬಿಸಿ ಇದೆಯೇನೋ?" ಅವಳಿಗೆ ಮಾತು ಕೇಳಿಸಿರಲಿಲ್ಲ, ವಾಸನೆ ಮುಟ್ಟಿತ್ತು. ಮೂವರೂ ಮಂಚದ ಮೇಲೆ ಕೂತು ಪೊಟ್ಟಣ ಖಾಲಿ ಮಾಡಿದರು.

ಮಾರನೆಯ ದಿನ ಅಧ್ಯಕ್ಷರು ಟೈಲರ್ ಅಂಗಡಿಯಲ್ಲಿ ತುರ್ತು ಸಭೆ ಕರೆದರು. ಟೈಲರ್, ಬೇಕರಿಯವ, ಚಿತ್ರ ಬಿಡಿಸುವುದನ್ನು ಕಲಿಸಿ ನಿವೃತ್ತರಾದ ಮೇಷ್ಟ್ರು, ಇಷ್ಟು ಜನ ಸೇರಿದರೆ ಬೀದಿಯ ಮಹಾಸಭೆ ಸೇರಿದ ಹಾಗೆ.

"ಮಾದರಿ ಆದ್ರೆ ಏನ್ರೀ ಸಿಗುತ್ತೆ?" ಬೇಕರಿಯವ ಕೇಳಿದ.

"ಗೌರವ."

"ಅದನ್ನ ಬನ್ನಿಗೆ ಹಚ್ಕೊಂಡು ತಿನ್ನೋದಾ?"

"ಇದೇ, ಇದೇ ನೋಡಿ ನಿಮ್ಮ ಬುದ್ಧಿ! ಊರಲ್ಲಿ ಅಷ್ಟು ಬೀದಿ ಬಿಟ್ಟು ನಮ್ಮನ್ಯಾಕೆ ಆರಿಸಿದ್ರು? ಯೋಚನೆ ಮಾಡಿ. ಆ ಹುಡುಗಿ ಬಂದಾಗ ಬೀದಿ ಮಾನ ಕಾಪಾಡಿ. ಯಾರಾದ್ರೂ ಉಸಿರು ಕಟ್ಟುತ್ತೆ, ಸೊಂಟ ಹಿಡಿಯುತ್ತೆ ಅಂತ ಗೋಳಾಡಿದ್ರೆ ನನ್ನ ಮುಖ ನೋಡಬೇಡಿ."

ಮಾನದ ಪ್ರಶ್ನೆ ಬಂದರೆ ಈ ಬೀದಿ ಒಂದಾಗುತ್ತದೆ. ಹುಡುಗಿ ಮನೆ ಮನೆಗೂ ಹೋದಳು. ಮೇಷ್ಟ್ರು ಹಣ್ಣು ಬಿಟ್ಟರೆ ಬೇರೇನನ್ನೂ ಮುಟ್ಟುವುದಿಲ್ಲ ಎಂದರು. ಟೈಲರ್ ದಿನವಿಡೀ ಮಿಷನ್ನು ತುಳಿಯುವವನು, ತಾನು ತುಳಿದದ್ದನ್ನೆಲ್ಲ ಉದ್ದಕ್ಕೆ ಹಾಸಿದರೆ ಎರಡು ಊರು ದಾಟುತ್ತದೆ ಎಂದ. ಬೇಕರಿಯವ ತನ್ನ ಹೊಟ್ಟೆಯ ಹಿಂದೆ ನಿಂತುಕೊಂಡು, ಹುಟ್ಟಿದಂದಿನಿಂದ ಸಕ್ಕರೆಯ ರುಚಿ ಕಂಡಿಲ್ಲ, ಮಾರುವುದು ಮಾತ್ರ ತನ್ನ ಕರ್ಮ ಎಂದ. ಹುಡುಗಿ ಬರೆದುಕೊಂಡಳು. "ಇಂಥ ಬೀದಿ ನಾನು ನೋಡೇ ಇಲ್ಲ" ಎಂದು ಮೆಚ್ಚುತ್ತ ಹೋದಳು.

ಕ್ಲಾಸು ಬೀದಿಯ ಕೊನೆಯ ಸಮುದಾಯ ಭವನದಲ್ಲಿ ಶುರುವಾಯಿತು. ಆಗಲೇ ಎಲ್ಲವನ್ನೂ ಸಾಧಿಸಿಬಿಟ್ಟಿದ್ದ ಬೀದಿಯವರು ಕ್ಲಾಸಿಗೆ ಯಾಕೆ ಹೋದಾರು? ಮೊದಲ ದಿನ ಬಂದವರು ಅಧ್ಯಕ್ಷರೊಬ್ಬರೇ. ಮಾದರಿಯಾದವರು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಕಲಿಸಲು ಬಂದವಳು ಸಣಕಲು ಹೆಂಗಸು. ಹೆಗಲ ಮೇಲೆ ತನಗಿಂತ ದಪ್ಪದ ಚೀಲ, ಕೊರಳಲ್ಲಿ ದಾರ ಕಟ್ಟಿದ ಸೀಟಿ. ಖಾಲಿ ಭವನದಲ್ಲಿ ಒಬ್ಬರನ್ನೇ ಎದುರಿಗೆ ನಿಲ್ಲಿಸಿಕೊಂಡು ಅವಳು ಸೀಟಿ ಊದಿದಳು. ಅಧ್ಯಕ್ಷರು ಬೆಚ್ಚಿದರು. ಕೈ ಮೇಲೆತ್ತು ಎಂದಾಗ ಅಂಗಿಯ ಗುಂಡಿ ಒಂದು ಹಾರಿತು. ಬಗ್ಗು ಎಂದಾಗ ಬಗ್ಗಿದರು, ಏಳು ಎಂದಾಗ ಏಳಲಾಗಲಿಲ್ಲ.

"ದಿನಾ ಒಂದು ಗಂಟೆ ನಡಿಯೋರು ನೀವೇ ಅಲ್ವಾ?" ಟೀಚರಮ್ಮ ಕೇಳಿದಳು.

"ಹೌದು... ಇವತ್ತು... ರಜಾ," ಎಂದರು ಅಧ್ಯಕ್ಷರು, ನೆಲ ನೋಡುತ್ತಲೇ.

"ನೋಡಿ ಸರ್, ನಂಗೆ ಸುಳ್ಳು ಹೇಳಿದ್ರೆ ನಂಗೇನೂ ಆಗಲ್ಲ. ನಿಮ್ಮ ಹೊಟ್ಟೆಗೆ ಹೇಳಿದ್ರೆ ಅದು ನಂಬಲ್ಲ," ಎಂದು ಅವಳು ಅವರನ್ನು ಹಿಡಿದೆತ್ತಿ ನಿಲ್ಲಿಸಿದಳು.

ನಾಚಿಕೆಯಲ್ಲಿ ಅವರು ಕೊಡೆ ಅಲ್ಲೇ ಬಿಟ್ಟು ಓಡಿ ಬಂದರು. ಊರಿನ ಕೊಡೆಗಳನ್ನೆಲ್ಲ ಕಾಯುವ ಮನುಷ್ಯ ತನ್ನ ಕೊಡೆಯನ್ನೇ ಮರೆತ. ಅದನ್ನು ಕೊಡಲು ಟೀಚರಮ್ಮ ಹುಡುಕಿಕೊಂಡು ಮನೆಗೆ ಬಂದಳು. ನಡುಕೋಣೆ ದಾಟುವಾಗ ಮಂಚದ ಮೇಲಿನ ಬೆನ್ನು ಕಂಡಿತು.

"ಇವರು ಯಾರು?"

"ನಮ್ಮ ಅತ್ತಿಗೆ," ಎಂದಳು ಹೆಂಡತಿ, ಗಂಡ ಬಾಯಿ ತೆರೆಯುವ ಮೊದಲೇ.

"ನನಗೆ ಯಾವ ಕ್ಲಾಸೂ ಬೇಡಮ್ಮ," ಎಂದು ಅಕ್ಕ ಗೋಡೆಗೆ ಹೇಳಿದಳು.

"ಯಾರು ಕರೆದ್ರೀಗ ನಿಮ್ಮನ್ನ? ಬೆಳಗಿಂದ ನಿಂತು ನಿಂತು ನನ್ನ ಕಾಲು ಬಿದ್ದೋಗಿದೆ. ಒಂದ್ನಿಮಿಷ ಕೂತ್ಕೊಳ್ಳಾ?" ಎಂದು ಟೀಚರಮ್ಮ ಸ್ಟೂಲೆಳೆದು ಕೂತಳು. ಕೂತು ಬಸ್ಸಿನ ನೂಕುನುಗ್ಗಲು, ತನ್ನ ಮಗಳ ಹಠ, ಏನೇನೋ ಮಾತಾಡುತ್ತ ಒಂದು ಕಾಲು ಎತ್ತಿ ಚಾಚಿದಳು, ಇಳಿಸಿದಳು, ಇನ್ನೊಂದು ಎತ್ತಿದಳು. ಅಕ್ಕ ಓರೆಗಣ್ಣಲ್ಲಿ ನೋಡಿದಳು.

"ಏನಮ್ಮ ಅದು, ಕೋಳಿ ಕಾಲು ಝಾಡಿಸಿದ ಹಾಗೆ?"

"ಕೋಳಿಗೆ ಮಂಡಿ ನೋವು ಇದೆಯಾ ನೋಡಿ ಮತ್ತೆ."

ಅಕ್ಕ ನಕ್ಕಳು. ಭಾವ ಹೋದ ಮೇಲೆ ಆ ಮನೆಯಲ್ಲಿ ಆ ನಗು ಕೇಳಿರಲಿಲ್ಲ. ಅಡುಗೆಮನೆಯಲ್ಲಿದ್ದ ಹೆಂಡತಿ ಸೌಟು ಹಿಡಿದುಕೊಂಡೇ ಬಂದು ನಿಂತಳು. ಅಧ್ಯಕ್ಷರಿಗೆ ಅಳು ಬಂತು, ಕೊಡೆ ಮಡಿಸುವ ನೆಪ ಮಾಡಿದರು.

ಟೀಚರಮ್ಮ ದಿನಾ ಕ್ಲಾಸು ಮುಗಿಸಿ "ಕಾಲು ಬಿದ್ದೋಯ್ತು" ಎನ್ನುತ್ತ ಬರತೊಡಗಿದಳು. ಕೆಲವು ದಿನ ಕಳೆದ ಮೇಲೆ ಅಕ್ಕನ ಕಾಲೂ ಮಂಚದಿಂದ ಕೆಳಗಿಳಿದು ಸ್ವಲ್ಪ ಎದ್ದಿತು. ಆಮೇಲೆ ಅವಳು ಹೊಸ್ತಿಲವರೆಗೆ ಬಂದಳು. ಆಮೇಲೆ ಟೈಲರ್ ಅಂಗಡಿಯವರೆಗೆ. ಒಂದು ಬೆಳಿಗ್ಗೆ ಗಂಡಸರ ಬೂಟಿನಂಥ ದಪ್ಪನೆ ಬೂಟು ಹಾಕಿಕೊಂಡು ಅವಳು ಸಮುದಾಯ ಭವನದ ಬಾಗಿಲಲ್ಲಿ ನಿಂತಾಗ, ಇಡೀ ಬೀದಿ ಕಿಟಕಿಯಲ್ಲಿತ್ತು.

ಮಾದರಿ ಪುರುಷರು ಕರೆದಾಗ ಬಾರದ ಬೀದಿ ಅಕ್ಕನ ಹಿಂದೆ ಬಂತು. ಬಾರದೆ ವಿಧಿ ಇರಲಿಲ್ಲ. ಅವಳು ಹೋಗುವಾಗ ಒಂದೊಂದು ಬಾಗಿಲನ್ನೂ ಬಡಿಯುತ್ತಿದ್ದಳು. "ಲೋ ಬೇಕರಿ, ಏಳೋ! ನಿನ್ನ ಹೊಟ್ಟೆ ಬಾಗಿಲಿಂದ ಆಚೆ ಬರೋದಕ್ಕೆ ಮುಂಚೆ ನೀನು ಬಾ!" ಬೇಕರಿಯವ ಬಂದ. ಟೈಲರ್ ಬಂದ. ಮೇಷ್ಟ್ರು ಬಂದು, ಕೈ ಎತ್ತುವ ಕೋನ ಸರಿಯಿಲ್ಲವೆಂದು ಟೀಚರಮ್ಮನಿಗೇ ಪಾಠ ಹೇಳಹೋಗಿ ಸೀಟಿ ಊದಿಸಿಕೊಂಡರು. ಮಹಾ ಬದಲಾವಣೆ ಏನೂ ಆಗಲಿಲ್ಲ. ದಿನಾ ಬನ್ನು ತಿನ್ನುತ್ತಿದ್ದವರು ದಿನ ಬಿಟ್ಟು ದಿನ ತಿಂದರು. ಬಸ್ಸಿಗೆ ಕಾಯುತ್ತಿದ್ದವರು ಒಂದು ನಿಲ್ದಾಣ ನಡೆದು ಹೋಗಿ ಹತ್ತಿದರು. ಅಧ್ಯಕ್ಷರು ಮೆಟ್ಟಿಲು ಹತ್ತಿದ ಮೇಲೂ ಏದುಸಿರಿಲ್ಲದೆ ಮಾತಾಡಬಲ್ಲವರಾದರು, ಇದು ಬಸ್ ನಿಲ್ದಾಣದವರಿಗೆ ಒಂದು ತೊಂದರೆಯೇ ಆಯಿತು. ಅಕ್ಕನ ಗಾಯ ಒಣಗಿತು. ಡಾಕ್ಟರು ಕಾಲು ತಿರುಗಿಸಿ ತಿರುಗಿಸಿ ನೋಡಿ, "ಉಳೀತು ಅಂದ್ಕೊಳ್ಳಿ. ಆದ್ರೆ ನಡಿಯೋದು ಬಿಟ್ರೋ, ಮತ್ತೆ ಇಲ್ಲಿಗೇ ಬರ್ತೀರ" ಎಂದರು.

ಹೀಗಿರುವಾಗ ಎರಡನೆಯ ಸಮೀಕ್ಷೆ ಬಂತು. ಹಿಂದಿನ ದಿನ ಟೀಚರಮ್ಮ ಎಲ್ಲರನ್ನೂ ಕೂರಿಸಿ ಹೇಳಿದಳು: "ನಾಳೆ ಕೇಳೋಕೆ ಬರ್ತಾರೆ. ನನ್ನ ಮುಖ ನೋಡಿ ಜಾಸ್ತಿ ಹೇಳಬೇಡಿ. ಇದ್ದದ್ದು ಇದ್ದ ಹಾಗೇ ಹೇಳಿ, ಅದೇ ನಂಗೆ ಮಾರ್ಕು. ಚೆನ್ನಾಗಿ ಬಂದ್ರೆ ಕ್ಲಾಸು ಮುಂದುವರಿಯುತ್ತೆ, ನನ್ನ ಕೆಲಸಾನೂ ಗಟ್ಟಿಯಾಗುತ್ತೆ."

ಅಧ್ಯಕ್ಷರು ಎದ್ದು ನಿಂತರು. ಅವರು ಎದ್ದು ನಿಂತಾಗಲೆಲ್ಲ ಬೀದಿಗೆ ಏನಾದರೊಂದು ಆಗಿದೆ. "ಕೇಳಿಸ್ಕೊಂಡ್ರಾ? ಮಾದರಿ ಬೀದಿ ಅಂದ್ಮೇಲೆ ಒಬ್ಬರ ಬಾಯಲ್ಲೂ ಸುಳ್ಳು ಬರಕೂಡದು. ಬನ್ನು ತಿಂದಿದ್ರೆ ಬನ್ನು ಅನ್ನಿ!"

ಜನ ಅನ್ನಲು ಶುರುಮಾಡಿದರೆ ನಿಲ್ಲಿಸುವವರುಂಟೇ? ಬೇಕರಿಯವ ದಿನಕ್ಕೆರಡು ಬನ್ನು ಎಂದ; ಮೊದಲು ಆರಾಗುತ್ತಿತ್ತು ಎಂಬುದನ್ನು ಹುಡುಗಿ ಕೇಳಲಿಲ್ಲ, ಅವನು ಹೇಳಲಿಲ್ಲ. ಮೇಷ್ಟ್ರು ಹಣ್ಣು ವಾರಕ್ಕೊಮ್ಮೆ ಎಂದರು. ಟೈಲರ್ ಸಂಜೆ ಸ್ವಲ್ಪ ಹೊತ್ತು ನಡೆಯುತ್ತೇನೆ, ಮಿಷನ್ನು ತುಳಿಯುವುದು ಲೆಕ್ಕಕ್ಕಿಲ್ಲವಂತೆ, ಟೀಚರಮ್ಮ ಹೇಳಿದರು ಎಂದ. ಅಧ್ಯಕ್ಷರು ಎದೆಯ ಮೇಲೆ ಕೈಯಿಟ್ಟು, ವಾರಕ್ಕೆ ಮೂರು ದಿನ ನಡೆಯುತ್ತೇನೆ, ಕರಿದದ್ದು ಕಂಡರೆ ಈಗಲೂ ಕೈ ಹೋಗುತ್ತದೆ ಎಂದು ಗದ್ಗದಿತರಾಗಿ ಒಪ್ಪಿಕೊಂಡರು. ಮನೆಯಲ್ಲಿ ಎಷ್ಟು ಜನ ಎಂದು ಈ ಸಲ ಯಾರೂ ಕೇಳಲಿಲ್ಲ. ಅದು ಮೊದಲೇ ಬರೆದುಕೊಂಡಾಗಿತ್ತಲ್ಲ. ಹುಡುಗಿ ತಲೆ ಆಡಿಸುತ್ತ, ಈ ಸಲ ಏನನ್ನೂ ಮೆಚ್ಚದೆ ಹೋದಳು.

ತಿಂಗಳು ಕಳೆಯುವುದರೊಳಗೆ ಒಂದು ಬೆಳಿಗ್ಗೆ ಟೀಚರಮ್ಮ ಸೀಟಿ ಊದಲಿಲ್ಲ. ಚಾಪೆಗಳನ್ನು ಸುತ್ತಿ ಚೀಲಕ್ಕೆ ತುಂಬುತ್ತಿದ್ದಳು.

"ಕ್ಲಾಸು ನಿಂತೋಯ್ತು," ಎಂದಳು. "ನಾನು ಬರೋಕೆ ಮುಂಚೆ ಈ ಬೀದಿ ಬಂಗಾರದ ಹಾಗಿತ್ತಂತೆ. ಎಲ್ಲರೂ ನಡೀತಿದ್ರಂತೆ, ಹಣ್ಣೇ ತಿಂತಿದ್ರಂತೆ. ನಾನು ಕಲಿಸಿದ ಮೇಲೆ ಬನ್ನಿಗೆ ಇಳಿದ್ರಂತೆ. ಈ ಕ್ಲಾಸಿಂದ ಜನ ಕೆಡ್ತಾರೆ, ಬೇರೆ ಎಲ್ಲೂ ನಡೆಸಕೂಡದು ಅಂತ ಮೇಲಿಂದ ಬಂದಿದೆ. ನನ್ನನ್ನ ತೆಗೆದಿದಾರೆ."

ಮೇಷ್ಟ್ರು ಛಾವಣಿ ನೋಡಿದರು, ಬೇಕರಿಯವ ತನ್ನ ಹೊಟ್ಟೆ ನೋಡಿಕೊಂಡ.

"ಅಲ್ಲಮ್ಮ, ನಾವು ಮಾದರಿ ಅಂತ..." ಎಂದರು ಅಧ್ಯಕ್ಷರು.

"ಮಾದರಿ ಅಂದ್ರೆ ಚೀಟೀಲಿ ಬಂದಿದ್ದು ಸರ್. ಪರೀಕ್ಷೆಗೆ ಅಂತ ತಗೊಂಡಿದ್ದು."

ಟೈಲರ್ ನಿಧಾನಕ್ಕೆ ಅಧ್ಯಕ್ಷರ ಕಡೆ ತಿರುಗಿದ. "ಥಾನಿಂದ ಒಂದು ಚೂರು ಕತ್ತರಿಸಿ ಕೊಡ್ತಾರಲ್ಲ, ಬಟ್ಟೆ ಹೇಗಿದೆ ನೋಡೋಕೆ? ಆ ಮಾದರೀನೇನ್ರೀ ನೀವು? ಅದಕ್ಕಾ ನಮ್ಮ ಬಾಯಲ್ಲಿ ಅಷ್ಟೆಲ್ಲ ಹೇಳಿಸಿದ್ದು?"

"ಹೇಳಿದ್ದು ನಿಮ್ಮ ಬಾಯೇ," ಎಂದರು ಅಧ್ಯಕ್ಷರು. ಯಾರಿಗೂ ಸಮಾಧಾನವಾಗಲಿಲ್ಲ.

ಎಲ್ಲರಿಗಿಂತ ಮೊದಲು ಎದ್ದವಳು ಅಕ್ಕ. "ಏನು ಕೆಟ್ಟಿದೆಯಂತೆ? ನಂದೇನು ಕೆಟ್ಟಿದೆ? ನಡಿಯೋ ಪುಟ್ಟಾ, ಎಲ್ಲಿದೆ ಆ ಆಫೀಸು? ಕಾಲು ತೆಗೆದು ಮೇಜಿನ ಮೇಲೆ ಇಡ್ತೀನಿ. ನೋಡ್ಲಿ."

ಅಧ್ಯಕ್ಷರು ಬಾಗಿಲಿಗೆ ಅಡ್ಡ ನಿಂತರು. "ಅಷ್ಟು ದೂರ ಯಾಕಕ್ಕಾ ನಿಂಗೆ? ನಾನೇ ಹೋಗಿ ಹೇಳ್ತೀನಿ."

"ನೀನು ಹೇಳಿದ್ದು ಸಾಕು."

"ಬಸ್ಸಲ್ಲಿ ನೂಕಾಟ..."

"ನೂಕ್ತೀನಿ ನಾನೂ."

ಆಫೀಸಿದ್ದದ್ದು ಎರಡನೆಯ ಮಹಡಿಯಲ್ಲಿ. ಲಿಫ್ಟಿಗೆ 'ಕೆಟ್ಟಿದೆ' ಎಂಬ ಹಳೆಯ ಬೋರ್ಡು. ಜನ ನಡೆಯಲಿ ಎಂಬ ಉದ್ದೇಶವೇ ಇದ್ದರೂ ಇರಬಹುದು. ಅಧ್ಯಕ್ಷರ ಮುಖದಲ್ಲಿ ಒಂದು ಆಸೆ ಮಿಂಚಿತು. "ಹತ್ತೋಕಾಗಲ್ಲ ಅಕ್ಕ, ಬಾ, ಹೋಗೋಣ." ಅಕ್ಕ ಕಂಬಿ ಹಿಡಿದಳು. ಒಂದೊಂದೇ ಮೆಟ್ಟಿಲು, ನಡುವೆ ನಿಂತು ಉಸಿರೆಳೆದು, ಟೀಚರಮ್ಮ ಹೇಳಿಕೊಟ್ಟ ಹಾಗೆ ಮೊದಲು ಒಳ್ಳೆಯ ಕಾಲಿಟ್ಟು, ಅವಳು ಹತ್ತಿದಳು. ಒಂದು ಕಾಲಕ್ಕೆ ಹೊಸ್ತಿಲು ದಾಟದಿದ್ದ ಹೆಂಗಸು ಎರಡು ಮಹಡಿ ಹತ್ತಿದಳು. ಮೇಲೆ ನಿಂತು ತಮ್ಮನ ಕಡೆ ತಿರುಗಿ ಮಗುವಿನ ಹಾಗೆ ನಕ್ಕಳು. ಅಧ್ಯಕ್ಷರಿಗೆ ಅವಳ ಕಾಲು ಹಿಡಿದು ನೆಂಟರು ಎಂದಿದ್ದನ್ನು ಅಲ್ಲೇ ಹೇಳಿಬಿಡಬೇಕೆನಿಸಿತು. ಅಷ್ಟರಲ್ಲಿ ಜವಾನ ಒಳಗೆ ಕರೆದ.

ಆಹಾರ ತಿಳಿವಳಿಕೆಯ ಅಧಿಕಾರಿಗಳು ಒಂದು ಕ್ರೀಮ್ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದರು. ಒಳ್ಳೆಯ ಮನುಷ್ಯರು, ಎದ್ದು ಅಕ್ಕನಿಗೆ ಕುರ್ಚಿ ಕೊಟ್ಟರು. ಅಕ್ಕ ಕೂತು ಬೂಟು ಬಿಚ್ಚಿ ಪಾದ ಮುಂದೆ ಮಾಡಿದಳು.

"ನೋಡಿ ಸಾಹೇಬ್ರೇ. ಕತ್ತರಿಸಬೇಕು ಅಂದಿದ್ದ ಕಾಲು ಇದು. ಆ ಟೀಚರಮ್ಮ ಉಳಿಸಿದಳು. ಅವಳ ಕ್ಲಾಸಿಂದ ಜನ ಕೆಟ್ರು ಅಂತ ಯಾರು ಬರೆದದ್ದು?"

"ತುಂಬ ಸಂತೋಷ ಅಮ್ಮ. ಆದ್ರೆ ನಾವು ಮಾದರೀಲಿ ಇರೋರನ್ನ ಮಾತ್ರ ಲೆಕ್ಕಕ್ಕೆ ತಗೋಬೇಕು."

"ಹಾಗಾದ್ರೆ ತಗೊಳ್ಳಿ. ನಾನು ಮೊದಲನೇ ಮಾದರಿ ಮನೆಯವಳೇ. ಇವನ ಅಕ್ಕ."

ಅಧಿಕಾರಿಗಳು ಕಂಪ್ಯೂಟರಿನ ಕಡೆ ತಿರುಗಿದರು. ಅಧ್ಯಕ್ಷರು ಎದ್ದರು. "ಸ್ವಾಮಿ, ಒಂದ್ನಿಮಿಷ, ಅದು ನಾನು ಅವತ್ತು ಹೇಳಿದ್ದೆಲ್ಲ ಸುಳ್ಳು. ನಡೀತೀನಿ ಅಂದದ್ದು, ಹಣ್ಣು ಅಂದದ್ದು, ಎಲ್ಲಾ ಸುಳ್ಳು. ಇಡೀ ಬೀದಿ ಸುಳ್ಳು. ಬರ್ಕೊಳ್ಳಿ."

"ಮೊದಲು ಹೇಳಿದ್ದು ಸುಳ್ಳು?"

"ಹೌದು ಸ್ವಾಮಿ."

"ಈಗ ಹೇಳ್ತಿರೋದು ನಿಜ?"

"ಅಪ್ಪಟ."

"ಅದಕ್ಕೆ ನಮ್ಮಲ್ಲಿ ಜಾಗ ಇಲ್ವಲ್ಲ ಸರ್. ಸುಳ್ಳು ಹೇಳಿ ಗೊತ್ತಿರೋರು ನಿಜ ಹೇಳ್ತೀನಿ ಅಂದ್ರೆ ನಾನು ಏನಂತ ನಂಬಲಿ? ಇಡೀ ಬೀದೀನ ತೆಗೆದು ಹಾಕಬಹುದು. ಆಗ ಕ್ಲಾಸು ನಡೆದೇ ಇಲ್ಲ ಅಂತ ಆಗುತ್ತೆ." ಅವರು ಪರದೆಯ ಮೇಲೆ ಬೆರಳಿಟ್ಟರು. "ಅಲ್ಲದೆ ಅಮ್ಮ, ಈ ಮನೇಲಿ ಗಂಡ ಹೆಂಡತಿ ಇಬ್ಬರೇ ಅಂತಿದೆ. ಕಾಯಿಲೆಯವರು ಯಾರೂ ಇಲ್ಲ. ಒಂದು ಷರಾ ಇದೆ ನೋಡಿ: ನೆಂಟರು, ಬಂದು ಹೋಗುವವರು. ಅದು ನೀವೇನಾ?"

ಅಕ್ಕ ತಮ್ಮನನ್ನು ನೋಡಿದಳು. ಅಧ್ಯಕ್ಷರು ಟೀ ಲೋಟ ನೋಡಿದರು. ಬಿಸ್ಕತ್ತು ಕರಗಿ ತಳ ಸೇರಿತ್ತು.

"ಹೌದು ಸಾಹೇಬ್ರೇ," ಎಂದಳು ಅಕ್ಕ. "ಅದು ನಾನೇ."

ಬೂಟು ಹಾಕಿಕೊಳ್ಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಅಧ್ಯಕ್ಷರು ಬಗ್ಗಿದರೆ ಕಾಲು ಹಿಂದಕ್ಕೆ ಎಳೆದುಕೊಂಡಳು. ಇಳಿಯುವಾಗ ಚಾಚಿದ ಕೈ ಹಿಡಿಯಲಿಲ್ಲ, ಕಂಬಿ ಹಿಡಿದಳು. ಬಸ್ಸಿನಲ್ಲಿ ಅಧ್ಯಕ್ಷರು "ಅಕ್ಕಾ, ಅದು ನಾನು ಯೋಚನೆ ಮಾಡದೆ..." ಎಂದು ಮೂರು ಸಲ ಶುರುಮಾಡಿದರು. ಮೂರು ಸಲವೂ ಅವಳು ಕಿಟಕಿಯ ಆಚೆ ನೋಡುತ್ತಿದ್ದಳು.

ಮನೆಗೆ ಬಂದವಳು ನೀರು ಕೇಳಲಿಲ್ಲ. ತಮ್ಮನ ಹೆಂಡತಿಯನ್ನು ಕರೆದು ಕೇಳಿದ್ದು ಒಂದೇ ಮಾತು: "ನಾನು ಬಂದಾಗ ತಂದ ಚೀಲ ಎಲ್ಲಿದೆ?"

"ಅಟ್ಟದ ಮೇಲಿದೆ. ಎಲ್ಲಿಗೆ ಹೋಗ್ತೀರಾ ಅತ್ತಿಗೆ?"

ಅಕ್ಕ ಅಟ್ಟದ ಕಡೆ ನೋಡಿದಳು. ಆಮೇಲೆ "ಎಲ್ಲಿಗೂ ಇಲ್ಲ" ಎಂದು ಮಂಚದ ಮೇಲೆ ಕಾಲು ಮೇಲಿಟ್ಟುಕೊಂಡು ಗೋಡೆಗೆ ತಿರುಗಿದಳು. ಹೆಂಡತಿ ಅಡುಗೆಮನೆಗೆ ಹೋಗಿ ಗಂಡನ ತಟ್ಟೆಯನ್ನು ನೆಲಕ್ಕೆ ಕುಕ್ಕಿದ ಸದ್ದು ಪಕ್ಕದ ಮನೆಗೂ ಕೇಳಿಸಿತು.

ಬೀದಿಯವರು ಕೈಕಟ್ಟಿ ಕೂರಲಿಲ್ಲ ಎಂದು ಹೇಳಬೇಕು. ಬೀಗ ಹಾಕಿದ ಭವನದ ಮುಂದೆ ತಾವೇ ಕ್ಲಾಸು ನಡೆಸಲು ಸೇರಿದರು. ಮೊದಲು ಕೈಯೋ ಕಾಲೋ ಎಂದು ಮೇಷ್ಟ್ರಿಗೂ ಟೈಲರಿಗೂ ಜಗಳ ಹತ್ತಿತು. ಕೋಪಕ್ಕೆ ಹಸಿವಾಗಿ ಎಲ್ಲರೂ ಬೇಕರಿಗೆ ಹೋದರು. ಟೀಚರಮ್ಮ ಬೇರೆ ಊರಿನಲ್ಲಿ ಬಟ್ಟೆ ಅಂಗಡಿಗೆ ಸೇರಿದಳೆಂದು ಸುದ್ದಿ ಬಂತು. ಅಕ್ಕನ ಗಾಯ ಮತ್ತೆ ಬಾಯಿ ತೆರೆಯಿತು. ಚಳಿ ಶುರುವಾಗುವ ಹೊತ್ತಿಗೆ ಎರಡು ಬೆರಳು ತೆಗೆದರು. "ಇನ್ನು ಪಾದ," ಎಂದರು ಡಾಕ್ಟರು. "ಹೇಗಾದ್ರೂ ಮಾಡಿ ಕಾಲು ಆಡಿಸೋ ಹಾಗೆ ಮಾಡಿ."

ಅಧ್ಯಕ್ಷರು ಬೆಳಿಗ್ಗೆ ಬೇಗ ಎದ್ದು ನಡುಕೋಣೆಯಲ್ಲಿ ಸ್ಟೂಲು ಹಾಕಿಕೊಂಡು ಕೂರತೊಡಗಿದರು. ಮಂಚದ ಪಕ್ಕ, ಗೋಡೆಗೂ ಅಕ್ಕನಿಗೂ ನಡುವೆ, ಅವಳು ಗೋಡೆಗೆ ತಿರುಗಿದರೂ ತಾವೇ ಕಾಣುವ ಹಾಗೆ. "ಅಯ್ಯೋ, ಕಾಲು ಬಿದ್ದೋಯ್ತು" ಎಂದು ತಮ್ಮ ಹೆಂಡತಿಗೂ ಕೇಳಿಸುವಂತೆ ಹೇಳಿ ಒಂದು ಕಾಲು ಎತ್ತಿ ಚಾಚಿದರು. ಸ್ಟೂಲು ಮಗುಚಿ ಅವರು ಮಂಚದ ಕಾಲಿಗೆ ತಲೆ ಬಡಿದುಕೊಂಡರು. ಅಕ್ಕ ನಗಲಿಲ್ಲ. ಮಾರನೆಯ ದಿನ ಕೋಳಿಯ ಮಾತೆತ್ತಿದರು. ಅಕ್ಕ ಹೊದಿಕೆ ಎಳೆದುಕೊಂಡಳು. ಕಿಟಕಿಯ ಹೊರಗೆ ನಿಂತು ಬೇಕರಿಯವ "ಅಧ್ಯಕ್ಷರೇ, ಬಲಗಾಲು ಇನ್ನೂ ಮೇಲೆ!" ಎಂದ. ಅವನ ಮುಖಕ್ಕೆ ಹೆಂಡತಿ ಕಿಟಕಿ ಹಾಕಿದಳು. ಅವರು ನಿಲ್ಲಿಸಲಿಲ್ಲ. ದಿನಾ ಕೂತರು, ದಿನಾ ಎತ್ತಿದರು, ದಿನಾ ಕ್ಷಮೆ ಕೇಳಿದರು. ಚಳಿಗಾಲ ಮುಗಿಯುತ್ತ ಬಂದಾಗ ಅವರ ಸೊಂಟದ ಬೆಲ್ಟಿಗೆ ಹೊಸ ತೂತು ಹಾಕಿಸಬೇಕಾಯಿತು. ಮೊಣಕಾಲಿನ ನೋವು ಯಾವಾಗ ಹೋಯಿತೆಂದು ಅವರಿಗೆ ನೆನಪಾಗಲಿಲ್ಲ.

ಒಂದು ಬೆಳಿಗ್ಗೆ ಅವರು ಎರಡೂ ಕಾಲು ಚಾಚಿ ಉಸಿರು ಹಿಡಿದಿದ್ದಾಗ ಹೊದಿಕೆ ಸ್ವಲ್ಪ ಸರಿಯಿತು. ಅಕ್ಕ ಅವರ ಕಾಲುಗಳನ್ನೇ ನೋಡುತ್ತಿದ್ದಳು. ಅಧ್ಯಕ್ಷರು ಕಾಲು ಇಳಿಸಹೋದರು.

"ನಿಲ್ಲಿಸಬೇಡ ಪುಟ್ಟಾ," ಎಂದಳು ಅವಳು, ಕೋಪವಿಲ್ಲದೆ. "ಮಾಡು. ನಿನ್ನ ಕಾಲಾದ್ರೂ ಉಳೀಲಿ."

ಹೊದಿಕೆ ಮತ್ತೆ ಮೇಲಕ್ಕೆ ಹೋಯಿತು. ಬಸ್ಸಿನ ಹೊತ್ತಾಗುವವರೆಗೆ ಅಧ್ಯಕ್ಷರು ಕಾಲು ಎತ್ತುತ್ತ, ಇಳಿಸುತ್ತ ಅಲ್ಲೇ ಕೂತಿದ್ದರು.